ಪನಿ ಎಂದರೆ ಏನು ಮಾರಾಯರೇ?

ಕಳೆದ ವಾರ ನಾನು ನೂರಮೂರು ಡಿಗ್ರಿ ಜ್ವರವಿದ್ದ ಹೆಂಗಸೊಬ್ಬಳನ್ನು ಕಾಫಿ ಕೊಯ್ಯಲು ವಾಪಸು ಅಟ್ಟಿದೆ. ನಾನು ಡಾಕ್ಟರೂ ಅಲ್ಲ, ಮೇಸ್ತ್ರಿಯೂ ಅಲ್ಲ. ಭಾಷೆ ಬಲ್ಲವನು. ತಪ್ಪು ಪೂರ್ತಿ ನನ್ನದೇ. ಮೊದಲೇ ಒಪ್ಪಿಕೊಂಡರೆ ನೀವು ಬಯ್ಯುವುದು ಕಡಿಮೆಯಾದೀತು ಎಂಬ ದುರಾಸೆ.

ಪಾಲಿಬೆಟ್ಟದ ಹತ್ತಿರದ ಒಂದು ಎಸ್ಟೇಟಿನಲ್ಲಿ ನನ್ನ ಭಾವ ರೈಟರ್. (ಹಾಜರಿ ಬರೆಯುವ ರೈಟರ್. ನನ್ನಂಥ ಅಂಕಣದ ರೈಟರ್ ಅಲ್ಲ. ಅವರಿಗೆ ಸಂಬಳ ಉಂಟು.) ಅಲ್ಲಿನ ಆಸ್ಪತ್ರೆಗೆ ಹಾಸನದ ಕಡೆಯಿಂದ ಹೊಸ ಡಾಕ್ಟರು ಬಂದಿದ್ದಾರೆ. ಅವರಿಗೆ ಕನ್ನಡ ಬಿಟ್ಟರೆ ಇಂಗ್ಲಿಷ್. ಆಳುಗಳಲ್ಲಿ ಎರಡೂ ಬಾರದವರೇ ಹೆಚ್ಚು. ದಿನವೂ ಭಾವನೇ ನಡುವೆ ನಿಂತು ಮಾತು ದಾಟಿಸುವುದು. ಆ ದಿನ ಅವರು ಮಡಿಕೇರಿಗೆ ಹೋಗಿದ್ದರು.

ಭಾವನ ಮನೆಗೆ ಬಂದಿದ್ದ ನಾನಿದ್ದೆನಲ್ಲ? ಹಿಂದಿನ ಸಂಜೆಯಷ್ಟೇ ಡಾಕ್ಟರ ಮನೆಯಲ್ಲಿ ತಮಿಳು ಮೇಸ್ತ್ರಿ, ಮಲಬಾರಿನ ಮೀನು ವ್ಯಾಪಾರಿ, ಬಂಗಲೆಯ ದೊರೆ, ದೊರೆಯ ನಾಯಿ, ಎಲ್ಲರ ಧ್ವನಿ ಮಾಡಿ ನಗಿಸಿದ್ದೆ.

"ನಿಮಗೆ ಎಲ್ಲಾ ಭಾಷೆನೂ ಬರುತ್ತಲ್ರೀ, ಬಂದು ಕೂತ್ಕೊಳ್ಳಿ" ಎಂದರು ಡಾಕ್ಟರು.

ಬರುತ್ತದೆಯೇ? ಧ್ವನಿ ಬರುತ್ತದೆ. ಅಷ್ಟು ಮಾತ್ರ ಎಂದು ಹೇಳುವ ಬುದ್ಧಿ ಬರಲಿಲ್ಲ.

ಆರಂಭ ಭರ್ಜರಿ. ಕೆಮ್ಮುತ್ತಾ ಬಂದ ತಮಿಳು ಮುದುಕ "ಪನಿ ಸಾಮಿ, ಪನಿ" ಎಂದ. "ಮಂಜು ಸಾರ್. ಬೆಳಗಿನ ಚಳಿಗೆ ಕೆಮ್ಮು" ಎಂದೆ. ಸರಿಹೋಯಿತು. (ಹಳಗನ್ನಡದಲ್ಲಿ ನಮ್ಮ ಹನಿಯೂ ಪನಿಯೇ. ಇಬ್ಬನಿಯ ಬಾಲದಲ್ಲಿ ಈಗಲೂ ಕೂತಿದೆ.) ಆಮೇಲೆ ಬಡಗಿ ಸಾಬರು "ಪಾನಿ" ಎಂದರು. ನೀರು ಕೊಡಿಸಿದೆ. ಅದೂ ಸರಿಯೇ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದೆ.

ಮೂರನೆಯವಳು ಜಾನಕಿ. ಮಲಬಾರಿನವಳು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಆಳುಗಳ ಲೈನಿನಲ್ಲಿ ಇರುವವಳು. ಕೊಯ್ಲಿನ ಕಾಲದಲ್ಲಿ ಡಾಕ್ಟರ ಚೀಟಿ ಇಲ್ಲದೆ ಕೆಲಸ ತಪ್ಪಿಸಿದರೆ ಅಲ್ಲಿ ಹಾಜರಿಯಿಂದ ಹೆಸರು ಹೊಡೆದುಹಾಕುತ್ತಾರೆ. ಹೆಸರು ಹೋದರೆ ಲೈನಿನ ಮನೆಯೂ ಹೋಯಿತು. ಅವಳು ಬಂದದ್ದು ಆ ಚೀಟಿಗೆ.

"ಪ... ಪನಿಯಾಣ್ ಸಾರೇ" ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು.

"ಫಣಿ?" ಡಾಕ್ಟರು ಎದ್ದೇಬಿಟ್ಟರು. ಕಾಲೇಜಿನಲ್ಲಿ ಓದಿದ ಕಾವ್ಯವೆಲ್ಲ ನೆನಪಾಗಿರಬೇಕು. "ಹಾವಾ? ಎಲ್ಲಿ ಕಚ್ಚಿತಮ್ಮ?" ಎನ್ನುತ್ತಾ ಬಗ್ಗಿ ಅವಳ ಪಾದ ನೋಡತೊಡಗಿದರು.

ನನಗೆ ನಗು. "ಹಾವಲ್ಲ ಸಾರ್. ಪಣಿ. ಮಲಯಾಳದಲ್ಲಿ ಪಣಿ ಅಂದರೆ ಕೆಲಸ. ಕೆಲಸ ಉಂಟಂತೆ, ಬೇಗ ಕಳಿಸಬೇಕಂತೆ."

ಅಷ್ಟಕ್ಕೇ ನಿಲ್ಲಿಸಿದ್ದರೆ ನೀವಾದರೂ ಕ್ಷಮಿಸುತ್ತಿದ್ದಿರಿ. "ಪ-ಪ-ಪನಿಯಾಣ್" ಎಂದು ಅವಳದೇ ಧ್ವನಿಯಲ್ಲಿ, ಹಲ್ಲಿನ ಕಟಕಟವನ್ನೂ ಬಿಡದೆ ಮಾಡಿ ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. "ಹಂಗಾದ್ರೆ ಹೋಗಮ್ಮ" ಎಂದು ಡಾಕ್ಟರು ಬಾಗಿಲ ಕಡೆ ಕೈ ತೋರಿಸಿದರು.

ನ ಮತ್ತು ಣ. ನಾಲಿಗೆಯನ್ನು ಚೂರು ಮಡಚುವಷ್ಟೇ ವ್ಯತ್ಯಾಸ. ಒಂದು ಮಲಗಿಸುತ್ತದೆ, ಇನ್ನೊಂದು ಎಬ್ಬಿಸಿ ತೋಟಕ್ಕೆ ಕಳಿಸುತ್ತದೆ. ಭಾಷೆಗೊಂದು ರಾಜ್ಯ ಆಗಬೇಕೆಂದು ಈಗ ಎಲ್ಲೆಲ್ಲೂ ಮಾತು. ಆಗಲಿ, ಬೇಡವೆಂದವರಾರು? ಆದರೆ ಆ ಆಸ್ಪತ್ರೆಯ ಜಗುಲಿಯಲ್ಲಿ ಗಡಿ ಎಳೆಯುವುದು ಎಲ್ಲಿ? ಜಾನಕಿಯ ನಾಲಿಗೆಯ ಮೇಲೆಯೇ?

ಅವಳು ಬಾಗಿಲವರೆಗೆ ಹೋದಳು. ನಿಂತಳು. ತಿರುಗಿ ಬಂದವಳೇ ಮೇಜಿನ ಮೇಲಿದ್ದ ಗ್ಲಾಸಿನಿಂದ ಥರ್ಮಾಮೀಟರ್ ಎತ್ತಿ ತಾನೇ ಬಾಯಿಗಿಟ್ಟುಕೊಂಡಳು. ಕೈಕಟ್ಟಿ ನನ್ನನ್ನೇ ನೋಡುತ್ತಾ ನಿಂತಳು. ಸಾಲಿನವರೆಲ್ಲ ಕತ್ತು ಚಾಚಿದರು, ಕೆಮ್ಮಿನ ಮುದುಕ ಕೂಡ.

ಡಾಕ್ಟರು ಅದನ್ನು ತೆಗೆದು ಬೆಳಕಿಗೆ ಹಿಡಿದರು. ನೂರಮೂರು.

"ಪನಿ" ಎಂದಳು ಜಾನಕಿ, ಹಲ್ಲು ಬಿಗಿಹಿಡಿದು, ಒಂದೇ ಸಲ.

"ಜ್ವರ ಕಣ್ರೀ ಅದು" ಎಂದರು ಡಾಕ್ಟರು, ನನ್ನ ಕಡೆ ನೋಡದೆ.

ಸಾಲಿಗೆ ಈಗ ಜೀವ ಬಂತು. "ಕಾಚ್ಚಲ್" ಎಂದ ಮುದುಕ. "ಬುಖಾರ್" ಎಂದರು ಸಾಬರು. ಮೊದಲೇ ಗೊತ್ತಿತ್ತು ಎನ್ನುವಂತೆ ಎಲ್ಲರದೂ ಗದ್ದಲ. (ನಕ್ಕವರೂ ಇವರೇ.)

ಔಷಧಿ ಸಿಕ್ಕಿತು. ಒಂದು ವಾರದ ಚೀಟಿಯೂ ಸಿಕ್ಕಿತು. ಆಳುಗಳನ್ನು ತೋಟಕ್ಕೆ ಅಟ್ಟಲು ಅಂಗಳದಲ್ಲಿ ನಿಂತಿದ್ದ ಮೇಸ್ತ್ರಿಯ ಮೂಗಿನ ಮುಂದೆ ಅದನ್ನು ಹಿಡಿದು ಜಾನಕಿ ನಡೆದದ್ದು ನೋಡಬೇಕಿತ್ತು. ಮೇಸ್ತ್ರಿ ಓದಿದ, ಪಕ್ಕಕ್ಕೆ ಸರಿದ. ಗೆದ್ದವರ ನಡಿಗೆ ಜ್ವರದಲ್ಲೂ ಗೊತ್ತಾಗುತ್ತದೆ.

ಮೊನ್ನೆ ಕ್ಷಮೆ ಕೇಳಲು ಲೈನಿಗೆ ಹೋದೆ, ಈ ಸಲ ಭಾವನನ್ನು ಜೊತೆಗೇ ಕರೆದುಕೊಂಡು. ಹೆಂಗಸರ ಗುಂಪು ಹೊಟ್ಟೆ ಹಿಡಿದು ನಗುತ್ತಿತ್ತು. ನಡುವೆ ಜಾನಕಿ, ಎದೆ ಉಬ್ಬಿಸಿ, ಗಲ್ಲ ಮೇಲೆತ್ತಿ, "ಹಾವಲ್ಲ ಸಾರ್" ಎನ್ನುತ್ತಿದ್ದಳು. ಅದೇ ಮೂಗಿನ ಧ್ವನಿ, ಅದೇ ಜಂಬ. ನನ್ನನ್ನು ನಾನೂ ಅಷ್ಟು ಚೆನ್ನಾಗಿ ಮಾಡಲಾರೆ.

"ತಪ್ಪಾಯ್ತು ಜಾನಕಮ್ಮ" ಎಂದೆ. ಭಾವ ದಾಟಿಸಿದರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮಲಯಾಳದಲ್ಲಿ ಏನೋ ಹೇಳಿದಳು. ಗುಂಪು ಮತ್ತೆ ನಕ್ಕಿತು.

"ಏನಂತೆ ಭಾವ?"

"'ಇವರಿಗೆ ಬಾಯಿ ಬೇಕಾದಷ್ಟು ಉಂಟು, ಡಾಕ್ಟರ ಹತ್ರ ಹೇಳಿ ಒಂದು ಕಿವಿ ಹಾಕಿಸಿ' ಅಂತಾಳೆ ಮಾರಾಯ."