ಮಾಖೋಜಾಳ ಆಲೂಗಡ್ಡೆ ಬೋಗುಣಿ

ಭಾನುವಾರ ಮಧ್ಯಾಹ್ನ ಕ್ಲಬ್ಬಿನ ಜಗಲಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಮಾಶೇಜಿ ಮಾತ್ರ ಆರಿಹೋದ ಚಹಾದ ಕಪ್ಪು ಹಿಡಿದುಕೊಂಡು ಒಂದು ಮೂಲೆಯಲ್ಲಿ ಕೂತಿದ್ದಳು. ಕೊನೆಗೆ ಅವಳು ಕಪ್ಪನ್ನು ಕುಡಿಯದೆಯೇ ಕೆಳಗಿಟ್ಟಳು.

ಎಡೆಂಡೇಲ್ ಕಣಿವೆಯ ಈ ಓಟದ ಕ್ಲಬ್ಬಿನಲ್ಲಿ ಐವತ್ತು ದಾಟಿದವರೇ ಹೆಚ್ಚು. ಶನಿವಾರ ಓಡುವುದು ಅರ್ಧ ಸುಖ. ಭಾನುವಾರ ಚರ್ಚು ಮುಗಿಸಿ ಬಂದು, ಕರಿದ ಹಿಟ್ಟಿನುಂಡೆ ತಿನ್ನುತ್ತ ಓಡಿದ ಕಥೆ ಹೇಳಿಕೊಳ್ಳುವುದು ಉಳಿದರ್ಧ. ಒಬ್ಬನ ಕಾಲುಗುರು ಕಿತ್ತು ಬಂದಿತ್ತು, ಇನ್ನೊಬ್ಬನನ್ನು ಹೋತ ಅಟ್ಟಿಸಿಕೊಂಡು ಬಂದಿತ್ತು. ಹೇಳುವವರು ಒಂದಕ್ಕೆರಡು ಹೇಳುತ್ತಾರೆ, ಕೇಳುವವರು ಕಾಲೆಳೆಯುತ್ತಾರೆ. ಅದರಲ್ಲೇನು ತಪ್ಪು? ಬೆವರು ಹರಿಸಿದವರಿಗೆ ಅಷ್ಟೂ ಹಕ್ಕಿಲ್ಲವೇ?

"ಡ್ರೈವರ್ ಅಂದ್ರೆ ನಮ್ಮ ಮಾಶೇಜಿ ಕಣ್ರಪ್ಪಾ!" ಕ್ಲಬ್ಬಿನ ಅಧ್ಯಕ್ಷ ರಾಡೆಬೆ ಕೂಗಿದ. "ನಿನ್ನೆ ನಾನು ಓಟ ಮುಗಿಯೋ ಗೆರೆ ಹತ್ರಾನೇ ನಿಂತಿದ್ದೆ. ಇವಳ ಬಸ್ಸು ಬಂದಾಗ ಗುಂಡು ಹೊಡೆಯೋನು ಇನ್ನೂ ಟೀ ಕುಡೀತಾ ಕೂತಿದ್ದ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾಶೇಜಿಯೋ, ತನ್ನನ್ನು ಹೊಗಳಿದರೂ ಹೆಗಲು ಮುಟ್ಟಿಕೊಳ್ಳುವ ಸ್ಥಿತಿಯಲ್ಲಿದ್ದಳು.

ಬಸ್ಸು ಎಂದರೆ ಇಲ್ಲಿ ಚಕ್ರದ ಬಸ್ಸಲ್ಲ. ನಿಧಾನದ ಓಟಗಾರರು ಗುಂಪು ಕಟ್ಟಿಕೊಂಡು ಒಬ್ಬರ ಹಿಂದೆ ಓಡುತ್ತಾರೆ. ಬಾವುಟ ಹಿಡಿದು ಮುಂದೆ ಓಡುವವರೇ ಡ್ರೈವರ್. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು, ಯಾವಾಗ ಹಾಡಬೇಕು, ಎಲ್ಲ ಡ್ರೈವರ್ ಹೇಳಿದಂತೆ. ಹೊತ್ತು ಮೀರಿದರೆ ಗೆರೆಯಲ್ಲಿ ಒಬ್ಬಾತ ಓಟಗಾರರಿಗೆ ಬೆನ್ನು ಹಾಕಿ ನಿಂತು ಗುಂಡು ಹಾರಿಸುತ್ತಾನೆ. ಆಮೇಲೆ ಬಂದವರು ಅತ್ತರೂ ಪದಕವಿಲ್ಲ.

ವರ್ಷಾನುಗಟ್ಟಲೆ ಆ ಬಾವುಟ ಕ್ಲಬ್ಬಿನ ಹಿರಿಯ ಬಾಬಾ ಜಾಕ್ವೆಯದಾಗಿತ್ತು. ಈ ಸಲ ಸೊಂಟದ ಕೀಲು ಕೈಕೊಟ್ಟಿತು. "ನೀನು ಹಿಡಿ ಮಾಶೇಜಿ, ನಾನು ನಿನ್ನ ಬಸ್ಸಿನ ಪ್ಯಾಸೆಂಜರು," ಎಂದು ಕೊಟ್ಟುಬಿಟ್ಟ. ಅವಳಿಗೆ ಓಟ ಕಲಿಸಿದವನೇ ಅವನು. ಶಾಲೆಯ ಹಾಸ್ಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ ಮಾಶೇಜಿಗೆ ಗಂಡ ಸತ್ತ ವರ್ಷವೇ ಸಕ್ಕರೆ ಕಾಯಿಲೆ ಅಂಟಿತ್ತು. ಚರ್ಚಿಗೆ ಹಾಕುವ ಬೂಟಿನಲ್ಲೇ ರಸ್ತೆ ಬದಿ ಏದುಸಿರು ಬಿಡುತ್ತ ಓಡುತ್ತಿದ್ದವಳನ್ನು ಕಂಡು, ಜಾಕ್ವೆ ಮಗಳ ಹಳೇ ಶೂ ತಂದುಕೊಟ್ಟಿದ್ದ. "ಮೊದ್ಲು ಮುಂದಿನ ಕಂಬದವರೆಗೆ, ಮಾ. ಬೆಟ್ಟದ ಮಾತು ಆಮೇಲೆ," ಎಂದಿದ್ದ. ಅಂಥವನ ಬದುಕಿನ ಕೊನೆಯ ಓಟ ಇದು. ಸೊಂಟ ಕೊಯ್ಯುವುದಕ್ಕೆ ಆಸ್ಪತ್ರೆಯಿಂದ ದಿನ ಗೊತ್ತಾಗಿತ್ತು. ಇನ್ನು ಓಟದ ಮಾತೇ ಎತ್ತಬೇಡ ಎಂದಿದ್ದರು ಡಾಕ್ಟರು.

ಮೂರು ಗುಡ್ಡದ ಓಟವನ್ನು ಹತ್ತು ಸಲ ಮುಗಿಸಿದವರಿಗೆ ಹಸಿರು ಬಟ್ಟೆಯ ನಂಬರು ಕೊಡುತ್ತಾರೆ. ಆಮೇಲೆ ಆ ನಂಬರು ಬೇರೆ ಯಾರ ಎದೆಗೂ ಹೋಗುವುದಿಲ್ಲ, ಸತ್ತ ಮೇಲೂ. ಜಾಕ್ವೆಗೆ ನಿನ್ನೆಯದು ಹತ್ತನೆಯದು.

ಆದರೆ ಅವನು ಮೂರನೇ ಗುಡ್ಡ ಹತ್ತಿರಲೇ ಇಲ್ಲ. ಅವಳು ಹತ್ತಿಸಿರಲಿಲ್ಲ.

ಆದದ್ದಿಷ್ಟು. ನೀಲಗಿರಿ ತೋಪಿನಲ್ಲಿ ಮಂಜು ಕವಿದಿತ್ತು. ಯಾರೂ ಹಿಂದೆ ಉಳಿಯಬಾರದೆಂದು ಡ್ರೈವರ್ ಆಗಾಗ ತಿರುಗಿ, ಹಿಮ್ಮುಖವಾಗಿ ಓಡುತ್ತಲೇ ತಲೆ ಎಣಿಸುವುದು ಪದ್ಧತಿ. ದಾರಿ ಕವಲೊಡೆಯುವ ಕಡೆಯಲ್ಲೇ ಮಾಶೇಜಿ ಹಾಗೆ ತಿರುಗಿದ್ದಳು. ಅವರ ಓಟದ ದಾರಿ ತೋರಿಸುವ ನೀಲಿ ಪಟ್ಟಿ ಬಲಕ್ಕೆ, ಗುಡ್ಡದ ಮೇಲಕ್ಕೆ. ಚಿಕ್ಕ ಓಟದವರ ಕೆಂಪು ಪಟ್ಟಿ ನೇರ ಕೆಳಕ್ಕೆ. ಇಳಿಜಾರು ಸಿಕ್ಕರೆ ದಣಿದ ಕಾಲು ಯಾರ ಮಾತು ಕೇಳುತ್ತದೆ? ಹಿಂದಿದ್ದವರು ಮುಂದಿನವರ ಹಿಮ್ಮಡಿ ನೋಡಿಕೊಂಡು ಬಂದರು. ಜಾಕ್ವೆಯನ್ನು ಬಿಟ್ಟರೆ ಅವಳ ಹಿಂದಿದ್ದವರೆಲ್ಲ ಆ ದಾರಿಗೆ ಹೊಸಬರು.

ಮನೆಗೆ ಮರಳುವ ಟ್ಯಾಕ್ಸಿಯಲ್ಲಿ ಅವಳ ಹೊಟ್ಟೆ ಚುರುಗುಟ್ಟಿತು. ಆಗ ಹೊಳೆಯಿತು. ಮಾಖೋಜಾಳ ಆಲೂಗಡ್ಡೆ ತಿಂದೇ ಇಲ್ಲವಲ್ಲ! ಮೂರನೇ ಗುಡ್ಡದ ನೆತ್ತಿಯಲ್ಲಿ, ಪುಟ್ಟ ಚರ್ಚಿನ ಮುಂದೆ, ಯಾರೂ ಕೇಳದಿದ್ದರೂ ಪ್ರತಿ ವರ್ಷ ಮೇಜು ಹಾಕಿ ಉಪ್ಪು ಹಚ್ಚಿದ ಬಿಸಿ ಆಲೂಗಡ್ಡೆ ಇಡುವ ಹೆಂಗಸು ಅವಳು. ಬಸ್ಸು ಆ ಮೇಜಿನ ಮುಂದೆ ಹಾದೇ ಇರಲಿಲ್ಲ. ಅಲ್ಲಿಂದ ಈಚೆಗೆ ಒಂದು ತುತ್ತೂ ಒಳಗಿಳಿದಿರಲಿಲ್ಲ. ಬೆಳಿಗ್ಗೆ ಪಾದ್ರಿ ಏನು ಹೇಳಿದರೋ, ದೇವರಿಗೇ ಗೊತ್ತು. ಹೇಳಿದರೆ ಗುರುವಿನ ಎದೆಯ ಮೇಲಿನ ನಂಬರು ಕಿತ್ತಂತೆ. ಹೇಳದಿದ್ದರೆ ಕದ್ದದ್ದನ್ನು ತಾನೇ ಅಲ್ಲಿ ಹಚ್ಚಿದಂತೆ. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಬಾಬಾ, ಈಗ ನಿಮ್ಮ ಸರದಿ," ಎಂದ ರಾಡೆಬೆ, ಹಸಿರು ಬಟ್ಟೆ ಕೈಗೆತ್ತಿಕೊಂಡು.

ಜಾಕ್ವೆ ಊರುಗೋಲು ಹಿಡಿದು ಎದ್ದ. ಮಂಜಿನ ಬಗ್ಗೆ ಹೇಳಿದ, ಹಾಡಿದ ಹಾಡುಗಳ ಬಗ್ಗೆ ಹೇಳಿದ. ಆಮೇಲೆ ಮಾಶೇಜಿಯ ಕಡೆ ನೋಡಿ, "ಆದ್ರೂ ಒಂದು ಮಾತು. ಮಾಖೋಜಾಳ ಆಲೂಗಡ್ಡೆಗೆ ಈ ಸಲ ಉಪ್ಪು ಸಾಲದು," ಎಂದ.

ಎಲ್ಲರೂ ನಕ್ಕರು. ಮಾಶೇಜಿ ತಟ್ಟನೆ ತಲೆಯೆತ್ತಿದಳು. ಇವನಿಗೆ ಗೊತ್ತಿದೆ! ಗೊತ್ತಿದ್ದೂ ಮುಚ್ಚುತ್ತಿದ್ದಾನೆ. ಬದುಕಿದೆ ಎನ್ನಿಸಿದ್ದು ಒಂದೇ ಗಳಿಗೆ. ತಿರುವಿನಲ್ಲಿ ನಾಲ್ಕು ಹೆಜ್ಜೆ ಉಳಿಸಲು ಹುಲ್ಲು ತುಳಿದು ಹೋದವರನ್ನೂ ಬೈದು ವಾಪಸ್ ಕರೆಯುತ್ತಿದ್ದ ಮನುಷ್ಯ ತನ್ನ ಮುಂದೆ ಸುಳ್ಳು ಹೇಳಿದನಲ್ಲ ಎಂಬ ಸಂಕಟ ಅದರ ಬೆನ್ನಿಗೇ ಬಂತು. ರಾಡೆಬೆ ಅವನ ಎದೆಗೆ ಪಿನ್ನು ಹಾಕುವಾಗ ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಆಗ ಗೇಟು ಕಿರ್ರೆಂದಿತು. ಚರ್ಚಿನ ಹೆಂಗಸರ ಕೆಂಪು ರವಿಕೆ, ತಲೆಯ ಮೇಲೆ ಬೋಗುಣಿ. ಬಂದವಳು ಮಾಖೋಜಾ.

"ತಪ್ಪಾಯ್ತು ಕಣ್ರಪ್ಪಾ," ಎಂದಳು ಬೋಗುಣಿ ಇಳಿಸುತ್ತ. "ನಿನ್ನೆ ನಿಮ್ಮ ಬಸ್ಸಿಗೆ ಅಂತ ಎತ್ತಿಟ್ಟಿದ್ದೆ. ಸಂಜೆವರೆಗೂ ಕಾದೆ. ಒಬ್ರೂ ಕಾಣ್ಲಿಲ್ಲ. ಇವತ್ತು ಬೇರೆ ಬೇಯಿಸ್ಕೊಂಡು ಬಂದೆ."

"ಅಯ್ಯೋ, ಬಾಬಾ ಈಗಷ್ಟೇ ಹೇಳಿದ್ರಲ್ಲ ತಿಂದೆ ಅಂತ!" ಎಂದ ರಾಡೆಬೆ. "ಉಪ್ಪು ಕಮ್ಮಿಯಂತೆ!"

ಮಾಖೋಜಾ ಕಣ್ಣು ಪಿಳಿಪಿಳಿ ಬಿಟ್ಟಳು. "ಹೌದಾ? ಬಂದಿದ್ರಾ?" ಅವಳ ದನಿ ಸಣ್ಣದಾಯಿತು. "ಹಾಗಿದ್ರೆ ನನಗೇ ಅರಳುಮರಳು. ಮನೇಲೂ ಹಾಗೇ ಅಂತಾರೆ, ಈಚೆಗೆ ನಿಂಗೆ ನೆನಪು ನಿಲ್ಲಲ್ಲ ಅಂತ."

"ಕನ್ನಡಕ ಹಾಕ್ಕೊಳ್ಳೇ ಮಾ!" ಯಾರೋ ಕೂಗಿದರು. ಮತ್ತೆ ನಗು. ಮಾಖೋಜಾಳೂ ನಗಲು ನೋಡಿದಳು, ಆಗಲಿಲ್ಲ. ಬೋಗುಣಿಯ ಅಂಚನ್ನು ಅದಕ್ಕೆ ಮುಚ್ಚಿದ್ದ ಬಿಳಿ ವಸ್ತ್ರದಿಂದ ಸುಮ್ಮನೆ ಒರೆಸತೊಡಗಿದಳು. ಜಾಕ್ವೆ ನೆಲ ನೋಡುತ್ತಿದ್ದ.

ಮಾಶೇಜಿ ಎದ್ದು ನಿಂತಳು.

"ನಿನ್ನ ನೆನಪು ಸರಿಯಾಗೇ ಇದೆ, ಮಾಖೋಜಾ. ನಾವು ಬಂದಿಲ್ಲ. ತಲೆ ಎಣಿಸ್ತಾ ಎಣಿಸ್ತಾ ನಾನು ಕೆಂಪು ಪಟ್ಟಿ ದಾರಿ ಹಿಡಿದೆ. ಮೂರನೇ ಗುಡ್ಡ ಹತ್ತಲೇ ಇಲ್ಲ. ಇವರ್ಯಾರ ತಪ್ಪೂ ಇಲ್ಲ, ಬಾವುಟ ನನ್ನ ಕೈಲಿತ್ತು."

ಹಿಂದಿನ ಬೆಂಚಿನ ಹೊಸಬರು ಕೊರಳಿನ ಪದಕ ಮುಟ್ಟಿಕೊಂಡರು. "ಬಾಬಾ?" ಎಂದ ರಾಡೆಬೆ, ನಂಬಲಾರದೆ. ಜಾಕ್ವೆ ಎದೆಯ ನಂಬರಿಗೆ ಕೈ ಹಾಕಿದ. ದಪ್ಪ ಬೆರಳುಗಳಿಗೆ ಪಿನ್ನು ಬೇಗ ಸಿಗಲಿಲ್ಲ. ನೋಡುತ್ತಿದ್ದ ಮಾಶೇಜಿಗೆ ಸಹಾಯಕ್ಕೆ ಹೋಗುವ ಧೈರ್ಯ ಬರಲಿಲ್ಲ. ಹಸಿರು ಬಟ್ಟೆಯನ್ನು ಅವನೇ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟ. ಕುಂಟುತ್ತ ಬೋಗುಣಿಯ ಬಳಿ ಹೋಗಿ ಒಂದು ಆಲೂಗಡ್ಡೆ ತೆಗೆದುಕೊಂಡು ಕಚ್ಚಿದ. ನಿಧಾನವಾಗಿ ಅಗಿದು ನುಂಗಿದ.

"ಉಪ್ಪು ಸರಿಯಾಗಿದೆ, ಮಾ," ಎಂದ ಮಾಖೋಜಾಳಿಗೆ. "ನನ್ನ ಬಾಯೇ ಕೆಟ್ಟಿತ್ತು."

ಆಮೇಲೆ ಇನ್ನೊಂದನ್ನು ತೆಗೆದು ಮಾಶೇಜಿಯ ಕೈಗಿಟ್ಟ. "ತಿನ್ನು. ನಿನ್ನೆಯಿಂದ ತಿಂದಿಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ಮುಂದಿನ ವರ್ಷ ಇವಳ ಮೇಜಿನ ಹಿಂದೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ನಿನ್ನ ಬಸ್ಸು ಬರೋವರೆಗೂ ಏಳಲ್ಲ."