ನಾಲ್ಕನೇ ಬಕೆಟ್ಟಿನ ಕೆಂಪು ಏಲ್

ಮೊನ್ನೆ ಭಾನುವಾರ ಹಿತ್ತಲಿನ ಶೆಡ್ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಬಾಯಿ ಮಡಚಿಟ್ಟ ಕಾಗದದ ಚೀಲವೊಂದು ಸಿಕ್ಕಿತು. ಬಿಚ್ಚಿದರೆ ಮುಗ್ಗಲಿನ ಜೊತೆಗೇ ಹುರಿದ ಬಾರ್ಲಿಯ ವಾಸನೆ. ಇಂಥ ಹಳೇ ವಾಸನೆಗೆ ಬೇರೆಯವರ ಕಣ್ಣು ತುಂಬುತ್ತದಂತೆ. ನನಗೆ ಮೈ ಉರಿಯಿತು.

ಇಂಗ್ಲಿಷರ ನಾಡಿನ ಈ ಪಿನ್ನರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಧಾರವಾಡದ ಡಾಕ್ಟರು. ಇಲ್ಲಿನ ಆಸ್ಪತ್ರೆಗಳಲ್ಲಿ ಮೂವತ್ತೈದು ವರ್ಷ ಅರಿವಳಿಕೆ ಕೊಟ್ಟು ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶುಕ್ರವಾರ ಡ್ಯೂಟಿ ಮುಗಿಸಿ, ಆಸ್ಪತ್ರೆ ಎದುರಿನ ಪಬ್ಬಿನಲ್ಲಿ ಒಂದು ಕೆಂಪು ಏಲ್ ಕುಡಿಯುತ್ತಿದ್ದರಂತೆ. ಬಿಯರಿನ ಜಾತಿಯದೇ, ಬಣ್ಣ ಮಾತ್ರ ಕೆಂಪು. ಆಮೇಲೆ ಅದನ್ನು ಮಾಡುತ್ತಿದ್ದ ಕಂಪನಿಯನ್ನು ಇನ್ಯಾರೋ ಕೊಂಡು, ಆ ಏಲನ್ನೇ ನಿಲ್ಲಿಸಿಬಿಟ್ಟರು. ನಾನು ಬೆಂಗಳೂರಿನಿಂದ ಬರುವ ಹೊತ್ತಿಗೆ ಅದು ಯಾವ ಅಂಗಡಿಯಲ್ಲೂ ಇರಲಿಲ್ಲ. ಒಂದು ಹನಿಯನ್ನೂ ನಾನು ಕುಡಿದವನಲ್ಲ.

ಆದರೂ ಬಾಯಿ ಹಾಕಿದವನು ನಾನೇ. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಆಗಷ್ಟೇ ಹತ್ತಿತ್ತು. "ಸರ್, ಅದನ್ನ ನಾವೇ ಮಾಡ್ಬಿಡೋಣ ಬಿಡಿ" ಅಂದೆ.

ಅವರು ಕನ್ನಡಕ ಇಳಿಸಿ ನೋಡಿದರು. "ಮಾಡ್ರಿ ನೋಡೂಣು. ಆದ್ರ ಅದರಂಗ ಐತಿ ಅಂತ ಇನ್ನೊಂದ ತಂದ ಕೊಟ್ರ ನಾ ಒಪ್ಪೂದಿಲ್ಲ. ನನಗ ಅದೇ ಬೇಕು."

ಅಳತೆಗೋಲು ಅಂತ ಇದ್ದದ್ದು ಅವರ ನಾಲಿಗೆಯೊಂದೇ. ಮೊದಲ ಗುಟುಕಿಗೆ ತುಸು ಹತ್ತಿದ ಬೆಲ್ಲದ ಪಾಕ, ಆಮೇಲೆ ಸೀದ ರೊಟ್ಟಿಯ ಅಂಚು, ಕೊನೆಗೆ ಒಂದು ಚೂರು ಕಹಿ... ಅವರು ಹೇಳುವುದು, ನಾನು ಬರೆದುಕೊಳ್ಳುವುದು. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದರ ಜೊತೆ ಕೆಂಪಿಗೆಂದು ಒಂದು ಹಿಡಿ ಹುರಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಕಹಿಗೆ ಹಾಪ್ಸ್ ಹೂ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿ ಮುಚ್ಚಳದ ಬಕೆಟ್ಟಿಗೆ ತುಂಬಿದೆ. ಇಡುವುದೆಲ್ಲಿ? ಮನೆ ಬೆಚ್ಚಗಿಡುವ ಬಾಯ್ಲರಿನ ಕಪಾಟಿನಲ್ಲಿ! ಈ ಊರಿನ ಚಳಿಗೆ ನಮ್ಮವರೆಲ್ಲ ದೋಸೆ ಹಿಟ್ಟು ಇಡುವುದೂ ಅಲ್ಲೇ. ಹಿಟ್ಟು ಹುದುಗುವ ಜಾಗದಲ್ಲಿ ಏಲ್ ಹುದುಗದೆ ಎಲ್ಲಿ ಹೋಗುತ್ತದೆ ಅಂತ ನನ್ನ ತಲೆ. ಮೇಲಿನ ಹಲಗೆಯಲ್ಲಿ ಹೆಂಡತಿಯ ಹಿಟ್ಟಿನ ಪಾತ್ರೆ, ಕೆಳಗೆ ನನ್ನ ಬಕೆಟ್ಟು. ಹಿಟ್ಟು ಉಕ್ಕಿ ಬಕೆಟ್ಟಿನ ಮೇಲೆ ಸುರಿದರೆ ಅಡುಗೆಮನೆ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು ಒಳಗೆ ಮೂಗು ತೂರಿಸಿ ನೋಡುತ್ತಿದ್ದೆ. ಎಂಥ ಬುದ್ಧಿವಂತ!

ಬಕೆಟ್ಟಿನಲ್ಲಿ ಎರಡು ವಾರ, ಬಾಟಲಿಯಲ್ಲಿ ಎರಡು ವಾರ. ಮೊದಲ ಸಲ ಡಾಕ್ಟರು ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಹುಳಿ ಆಗೈತ್ರೀ." ಎರಡನೆಯದೂ ಹುಳಿ. ನೀರು ಬದಲಾಯಿಸಿದ್ದೆ, ಯೀಸ್ಟ್ ಬದಲಾಯಿಸಿದ್ದೆ, ಇನ್ನೇನು ಮಾಡಲಿ? ತಲೆ ಕೆಟ್ಟು, "ನಿಮ್ಮ ಏಲೇ ಸ್ವಲ್ಪ ಹುಳಿ ಇತ್ತೇನೋ ಸರ್" ಅಂದುಬಿಟ್ಟೆ. ಅವರು ಲೋಟ ಕೆಳಗಿಟ್ಟು ಎದ್ದು ಹೋದರು.

ಮುಂದಿನ ವಾರ ಅವರೇ ಬಾಗಿಲು ತಟ್ಟಿದರು. ಗಂಟಲಲ್ಲಿ ಕ್ಯಾನ್ಸರ್. ಇನ್ನು ಐದು ವಾರಕ್ಕೆ ರೇಡಿಯೇಷನ್ ಶುರು.

"ನಾಲಿಗಿ ರುಚಿ ಹೋಗತೈತ್ರೀ. ತಿರುಗಿ ಬರತೈತೋ ಇಲ್ಲೋ... ಇನ್ನೊಂದ ಬಕೆಟ್ಟಿಗೆ ಟೈಮ್ ಐತಿ. ಈ ಸಲ ಜ್ವಾಕೀಲೆ ಮಾಡ್ರಿ."

ಜೋಪಾನವಾಗಿಯೇ ಮಾಡಿದೆ. ಪಾತ್ರೆಗಳನ್ನು ಮೂರು ಮೂರು ಸಲ ತೊಳೆದೆ. ಜೋಪಾನ ಹೆಚ್ಚಾಗಿ ದಿನಕ್ಕೆರಡು ಸಲ ಮುಚ್ಚಳ ತೆಗೆದು ನೋಡಿದೆ. ಚಿಕಿತ್ಸೆಗೆ ಮೂರು ದಿನ ಇರುವಾಗ ಬಾಟಲಿ ತೆರೆದೆವು. ಹುಳಿ. ಡಾಕ್ಟರು ಲೋಟವನ್ನು ತಾವೇ ಸಿಂಕಿಗೆ ಸುರಿದು, "ಇರಲಿ ಬಿಡ್ರಿ" ಅಂದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನಾಲ್ಕನೆಯದನ್ನು ಬರೀ ಹಠಕ್ಕೆ ಹೂಡಿದೆ. ಆಗ ಹೆಂಡತಿ ತಮ್ಮನ ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಳು. ರುಬ್ಬುವವರಿಲ್ಲ, ಕಪಾಟಿನಲ್ಲಿ ಹಿಟ್ಟಿಲ್ಲ. ಎರಡು ವಾರ ಕಳೆದು ರುಚಿ ನೋಡಿದರೆ ಹುಳಿಯ ಸುಳಿವೇ ಇಲ್ಲ! ಖುಷಿಯಿಂದ ತಲೆ ಎತ್ತಿದವನಿಗೆ ಮೇಲಿನ ಹಲಗೆಯ ಅಂಚಿನಲ್ಲಿ ಒಣಗಿದ ಹಿಟ್ಟಿನ ಬಿಳಿ ಗೆರೆಗಳು ಕಂಡವು. ಮೂರು ಬಕೆಟ್ಟಿಗೂ ಹುಳಿ ಹಿಡಿಸಿದ್ದು ಆ ಹಿಟ್ಟು. ಮುಚ್ಚಳ ತೆಗೆ ತೆಗೆದು ಅದನ್ನು ಒಳಗೆ ಬಿಟ್ಟುಕೊಂಡವನು ನಾನು. ಅಲ್ಲೇ ನೆಲದ ಮೇಲೆ ಕೂತು ನನ್ನನ್ನು ನಾನೇ ಬಾಯಿಗೆ ಬಂದಂತೆ ಬೈದುಕೊಂಡೆ.

ಬಾಟಲಿ ತೆಗೆದುಕೊಂಡು ಹೋದಾಗ ರೇಡಿಯೇಷನ್ ಮುಗಿದಿತ್ತು. ಡಾಕ್ಟರು ಅರ್ಧ ಆಗಿದ್ದರು. ಚಹಾ ಕುಡಿದರೂ ಬಿಸಿನೀರು ಕುಡಿದಂಗ ಆಗತೈತ್ರೀ ಎಂದು ಅವರೇ ಹೇಳಿದರು. ಆದರೂ ಲೋಟ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಣ್ಣ ನೋಡಿದರು. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡೇ ಬಹಳ ಹೊತ್ತು ಕೂತರು. ಕಷ್ಟಪಟ್ಟು ನುಂಗಿದರು.

"ಅದೇ ಐತ್ರೀ," ಅಂದರು. "ಬರೋಬ್ಬರಿ ಅದೇ."

ಮರುವಸಂತಕ್ಕೆ ಅವರು ತೀರಿಹೋದರು. ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಐದನೆಯ ಬಕೆಟ್ಟನ್ನು ನಾನು ಹೂಡಲೇ ಇಲ್ಲ. ನಾಲ್ಕನೆಯದರಲ್ಲಿ ಉಳಿದದ್ದನ್ನು ನಾನೇ ಕುಡಿದು ಮುಗಿಸಿದೆ. ಚೆನ್ನಾಗಿತ್ತು. ಚೆನ್ನಾಗಿರುವುದು ಯಾರಿಗೆ ಬೇಕಿತ್ತು? ಅದು ಅದೇ ಹೌದೋ ಅಲ್ಲವೋ ಎಂದು ಹೇಳಬಲ್ಲ ಒಂದೇ ಒಂದು ನಾಲಿಗೆಗೆ, ರುಚಿ ಇದ್ದಷ್ಟು ದಿನ ನಾನು ಹುಳಿಯನ್ನೇ ಕುಡಿಸಿದೆ.

"ನಿಜ ಹೇಳಿ ಸರ್, ನಿಮಗೆ ರುಚಿ ಗೊತ್ತಾಯ್ತಾ?" ಎಂದು ಅವತ್ತೇ ಕೇಳಬಹುದಿತ್ತು. ಸುಳ್ಳು ಹೇಳುವ ಜಾತಿಯ ಮನುಷ್ಯರಲ್ಲ ಅವರು, ಒಂದು ಮಾತು ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದರು... ಆ ಹೆದರಿಕೆಗೇ ನಾನು, "ಥ್ಯಾಂಕ್ಸ್ ಸರ್" ಎಂದು ಲೋಟ ತೊಳೆದಿಟ್ಟು ಎದ್ದು ಬಂದೆ.