ಆಟಿಯಲ್ಲಿ ಮದುವೆಯಾದ ವಾರಿಜ

ಕಳೆದ ಭಾನುವಾರ ನಾರಾವಿಯ ಒಂದು ಮನೆಯ ಜಗಲಿಯಿಂದ ನನ್ನನ್ನು ಎಬ್ಬಿಸಿ ಕಳಿಸಿದರು. ನಾಯಿ ಬಿಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಕಸುಬು ನಿಮಗೆ ಗೊತ್ತು. ಕಾಲೇಜಿನಲ್ಲಿ ಪಾಠ. ರಜೆ ಬಂದರೆ ಮನೆಮನೆ ತಿರುಗಿ, ಜನ ಯಾವಾಗ ಹುಟ್ಟಿದರು, ಯಾವಾಗ ಮದುವೆಯಾದರು, ಯಾವಾಗ ಬೇರೆ ಒಲೆ ಹೂಡಿದರು ಎಂದು ಬರೆದುಕೊಳ್ಳುವುದು. ('ಮಕ್ಕಳೆಷ್ಟು ಅಂತ ಕೇಳ್ಲಿಕ್ಕೂ ಸಂಬಳ ಉಂಟಾ ಮಾರಾಯ?' ಎಂದು ಮೆಲ್ಕಾರಿನ ಹೋಟೆಲಿನವರು ಇಂದಿಗೂ ಕೇಳುತ್ತಾರೆ. ಉಂಟು!) ಹತ್ತು ವರ್ಷದ ಹಿಂದೆ ಬಂಟ್ವಾಳದಿಂದ ನಾರಾವಿವರೆಗೆ ಹೀಗೆ ಸುತ್ತಿದ್ದೆ. ಆ ಸರ್ವೇಯಿಂದಲೇ ನನಗೆ ಡಾಕ್ಟರೇಟು, ಅದರಿಂದಲೇ ರೀಡರ್ ಹುದ್ದೆ. ಈಗ ಅದೇ ಮನೆಗಳಿಗೆ ಎರಡನೆಯ ಸುತ್ತು. ಯಾರ ಬದುಕು ಎಲ್ಲಿಗೆ ಬಂತು ಎಂದು ನೋಡುವುದಕ್ಕೆ.

ನಾರಾವಿಯ ಆ ಮನೆಯ ಕಲ್ಯಾಣಿಯಕ್ಕ ನನ್ನನ್ನು ಮರೆತಿರಲಿಲ್ಲ. ಬೆಲ್ಲ, ನೀರು ತಂದಿಟ್ಟು ಎದುರು ಕುಳಿತರು. (ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.)

'ಮಕ್ಕಳಲ್ಲಿ ಯಾರದ್ದಾದರೂ ಮದುವೆ ಆಯಿತಾ ಅಕ್ಕ?'

'ವಾರಿಜಳದ್ದು ಆಯ್ತು ಮಾಸ್ಟ್ರೆ. ಈ ಆಟಿಯಲ್ಲಿ.'

ಬರೆದೇಬಿಟ್ಟೆ. ಆಟಿ ತಿಂಗಳಲ್ಲಿ, ಎಂದರೆ ಹೆಚ್ಚುಕಡಿಮೆ ನಿಮ್ಮ ಆಷಾಢದಲ್ಲಿ, ನಮ್ಮ ಕಡೆ ಯಾರಾದರೂ ಮದುವೆ ಮಾಡುತ್ತಾರೆಯೇ? ಸಣ್ಣ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಖಾಲಿ ಕಾಲಂ ಕಂಡರೆ ನನ್ನಂಥವರಿಗೆ ಬುದ್ಧಿ ಕೈಕೊಡುತ್ತದೆ.

'ಗಂಡನ ಮನೆ?'

'ವಾಮದಪದವು.'

'ಮಗಳಿಗೆ ವಯಸ್ಸು?'

'ಇದ್ದಿದ್ರೆ ಇಪ್ಪತ್ತೆರಡು.'

ಇದ್ದಿದ್ದರೆ! ಪೆನ್ನು ನಿಂತಿತು.

ವಾರಿಜ ನಾಲ್ಕನೆಯ ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡ ಮಗು. ಈಗ ತಂಗಿ ಸುಮತಿಗೆ ಕೂಡಿಬಂದ ಸಂಬಂಧ ಮೂರು ಸಲ ಮುರಿಯಿತು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಅಕ್ಕನದ್ದಾಗದೆ ತಂಗಿಯದ್ದಾಗುವುದಿಲ್ಲ ಎಂದು ಬಂತಂತೆ. ಹುಡುಕಿದರು. ವಾಮದಪದವಿನಲ್ಲಿ ಒಬ್ಬ ಹುಡುಗ, ಅವನೂ ಆರು ವರ್ಷಕ್ಕೇ ಹೊಳೆಗೆ ಬಿದ್ದು ಹೋದವನು. ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಬಳೆ, ಇನ್ನೊಂದರ ಮೇಲೆ ಪಂಚೆ ಇರಿಸಿ ಎರಡೂ ಮನೆಯವರು ಮದುವೆ ಮಾಡಿದರು. ಊಟವೂ ಆಯಿತು. ಆಟಿಯಲ್ಲಿ ನಮ್ಮಲ್ಲಾಗುವುದು ಸತ್ತವರ ಇಂಥ ಮದುವೆ ಮಾತ್ರ. (ಘಟ್ಟದ ಮೇಲಿನ ಓದುಗರೇ, ನಗಬೇಡಿ. ನಿಮ್ಮ ಮನೆಯಲ್ಲಿ ಸತ್ತವರ ಎಡೆಗೆ ನೀವು ಬಡಿಸುವುದಿಲ್ಲವೇ?)

'ಸೀರೆ ಹಸಿರು ಬಣ್ಣದ್ದು. ನಾನೇ ಮೂಡಬಿದ್ರೆಯಿಂದ ತಂದದ್ದು' ಎಂದರು ಕಲ್ಯಾಣಿಯಕ್ಕ. ಆಮೇಲೆ ನನ್ನ ಹಳೆಯ ಫಾರಂ ಕಡೆ ಬೆರಳು ತೋರಿಸಿದರು. 'ಆವತ್ತು ನಾನು ನಾಲ್ಕು ಮಕ್ಕಳು ಅಂದೆ. ಇರುವವರನ್ನು ಮಾತ್ರ ಹೇಳಿ ಅಕ್ಕ ಅಂತ ನೀವು ಗೀಟು ಎಳೆದು ಮೂರು ಮಾಡಿದ್ರಿ. ನೆನಪುಂಟಾ?'

ನೆನಪಿರಲಿಲ್ಲ. ಫಾರಂನಲ್ಲಿ ಗೀಟು ಮಾತ್ರ ಇತ್ತು.

'ಶಾಲೆಗೆ ಹಾಕುವ ಮೊದಲೇ ಹೋದಳು ಮಾಸ್ಟ್ರೆ. ಅವಳ ಹೆಸರು ಎಲ್ಲಿಯೂ ಇಲ್ಲ. ಈಗ ಮದುವೆಯೂ ಆಯ್ತಲ್ಲ? ನಿಮ್ಮ ಕಾಗದದಲ್ಲಾದ್ರೂ ಇರ್ಲಿ.'

ಒಂದು ಹೆಸರು. ಅಷ್ಟೇ ಕೇಳಿದ್ದು. ಬರೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಸತ್ತವರಿಗೆ ಮದುವೆಯ ಕಾಲಂ ಇಲ್ಲ. ಸರ್ವೇ ಆಫೀಸಿನಲ್ಲಿ ತಪ್ಪೆಂದು ವಾಪಸು ಕಳಿಸುತ್ತಾರೆ. ಇದನ್ನೆಲ್ಲ ಹೇಳುತ್ತ ಹೇಳುತ್ತ, ಆಗಷ್ಟೇ ಬರೆದಿದ್ದ 'ವಾರಿಜ' ಎಂಬ ಹೆಸರಿನ ಮೇಲೆ ನನ್ನ ಕೈ ತಾನಾಗಿ ಗೀಟು ಎಳೆಯಿತು. ಹೆತ್ತವಳ ಕಣ್ಣೆದುರೇ!

ಕಲ್ಯಾಣಿಯಕ್ಕ ಎದ್ದರು. 'ಆ ಕಾಗದ ಇಲ್ಲಿ ಕೊಡಿ. ಅವಳು ಬೇಡದಿದ್ರೆ ನಾವು ಯಾರೂ ಬೇಡ ಅದ್ರಲ್ಲಿ. ನೀವಿನ್ನು ಏಳಿ, ಬಸ್ಸು ಬರುವ ಹೊತ್ತಾಯ್ತು.'

ಕೊಟ್ಟೆ. ಎದ್ದೆ. ಕ್ಷಮಿಸಿ ಎನ್ನುವ ಬದಲು ಚೀಲ ಹೆಗಲಿಗೇರಿಸಿದೆ. ನನ್ನನ್ನು ಬಿಟ್ಟು ಒಳಗೆ ಹೋದವರು ಹೊರಗೆ ಬರಲೂ ಇಲ್ಲ.

ಮೂಡಬಿದ್ರೆಯ ಬಸ್ಸಿನಲ್ಲಿ ಹಳೆಯ ಕಟ್ಟು ಬಿಚ್ಚಿದೆ. ಎಷ್ಟು ಮನೆಗಳು, ಎಷ್ಟು ಗೀಟುಗಳು! ಐದು ಇದ್ದಲ್ಲಿ ಮೂರು. ಏಳು ಇದ್ದಲ್ಲಿ ನಾಲ್ಕು. ಒಂದೊಂದು ಮನೆಯಲ್ಲೂ ತಾಯಿ ಮೊದಲು ಹೇಳಿದ್ದು ದೊಡ್ಡ ಸಂಖ್ಯೆ, ನಾನು ಉಳಿಸಿದ್ದು ಚಿಕ್ಕದು. ಬಹಳ ಅಚ್ಚುಕಟ್ಟು ಎಂದು ಆಗ ಪ್ರೊಫೆಸರರು ನನ್ನ ಬೆನ್ನು ತಟ್ಟಿದ್ದರು. ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಂಡು ತಿರುಗುವುದಕ್ಕೆ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ?

ನಾಳೆ ಆಫೀಸಿಗೆ ಲೆಕ್ಕ ಒಪ್ಪಿಸಬೇಕು. ಕಾಗದ ಸಿಗದ ಮನೆಯ ಮುಂದೆ ಬರೆಯಲು ನಮ್ಮಲ್ಲಿ ಸಿದ್ಧ ವಾಕ್ಯ ಒಂದುಂಟು: 'ಮಾಹಿತಿ ನಿರಾಕರಿಸಿದ್ದಾರೆ.'

ನಿರಾಕರಿಸಿದ್ದು ಯಾರು?